ನಮಗೈತೆ, ನಮ್ಮ ಹತ್ರ ಐತೆ

ಮೊನ್ನೆ ಭಾನುವಾರ ಮಗಳು ಕನ್ನಡ ಹೋಂವರ್ಕ್ ಹಿಡಿದು ಕೂತಿದ್ದಳು. ಇಂಗ್ಲಿಷ್ ವಾಕ್ಯಗಳನ್ನು ಕನ್ನಡದಲ್ಲಿ ಬರೆಯಬೇಕಿತ್ತು. ಅವಳು ಬರೆದಿದ್ದು: "ನಾನು ಒಬ್ಬ ತಾತನನ್ನು ಹೊಂದಿದ್ದೇನೆ."

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಕನ್ನಡಕ ತೆಗೆದು, "ಯಾವಾಗಮ್ಮ ಕೊಂಡ್ಕೊಂಡೆ ನನ್ನ?" ಅಂದರು. ಎಲ್ಲರೂ ನಕ್ಕಿದ್ದೇ ನಕ್ಕಿದ್ದು :)

"ನನಗೆ ಒಬ್ಬ ತಾತ ಇದ್ದಾರೆ" ಅಂತ ತಿದ್ದಿಸಿದೆ. "ಹಾಗಾದ್ರೆ 'ಹ್ಯಾವ್' ಎಲ್ಲಿ ಹೋಯ್ತಪ್ಪಾ?" ಅಂದಳು.

ಒಳ್ಳೇ ಪ್ರಶ್ನೆ. ಹುಡುಕಿದರೆ ನಮ್ಮ ಮಾತಿನಲ್ಲಿ ಅದು ಇಲ್ಲವೇ ಇಲ್ಲ. ಇರೋದು 'ಇರು' ಒಂದೇ. 'ಹೊಂದು' ಅನ್ನೋದು ಪೇಪರಿನವರಿಗೆ ಬೇಕು, ಮನೆಯಲ್ಲಿ ಯಾರೂ ಏನನ್ನೂ ಹೊಂದಿರಲ್ಲ. ಹಾಗಂತ 'ಇಟ್ಕೊಂಡಿದ್ದಾನೆ' ಅಂದುಬಿಟ್ಟರೆ ಅರ್ಥವೇ ಬೇರೆಯಾಗಿ ಜಗಳವಾಗುತ್ತೆ!

'ನನಗೆ ಇಬ್ಬರು ಅಕ್ಕಂದಿರಿದ್ದಾರೆ' ಅಂದಾಗ ಕ್ರಿಯಾಪದ ನನ್ನ ಮಾತು ಕೇಳಲ್ಲ, ಅಕ್ಕಂದಿರ ಮಾತು ಕೇಳುತ್ತೆ. ವಾಕ್ಯದಲ್ಲಿ ಇರೋರು ಅವರು, ನಾನು ಬರೀ 'ನನಗೆ'. ಮಕ್ಕಳು, ಸಾಲ, ಜ್ವರ, ಸಕ್ಕರೆ ಕಾಯಿಲೆ ಎಲ್ಲ 'ನನಗೆ' ಇರುತ್ತವೆ. ಛತ್ರಿ, ಬಸ್ ಪಾಸು, ಚಿಲ್ಲರೆ 'ನನ್ನ ಹತ್ರ' ಇರುತ್ತವೆ. ಅಂದರೆ ಸದ್ಯಕ್ಕೆ ಹತ್ತಿರ ಇವೆ, ನಾಳೆ ಇನ್ಯಾರ ಹತ್ರವೋ.

ತಮಿಳು ತೆಲುಗಿನವರೂ ನಮ್ಮ ಹಾಗೇ. ದೂರದ ಹಂಗೇರಿಯವರೂ 'ನನಗೆ ಇದೆ' ಅಂತಾರೆ, ಫಿನ್‌ಲೆಂಡಿನವರು 'ನನ್ನ ಬಳಿ ಇದೆ' ಅಂತಾರೆ. ಮಜಾ ಏನಂದ್ರೆ ಹಂಗೇರಿಯನ್ನಿಗೆ ತೀರಾ ಹತ್ತಿರದ ನೆಂಟ, ಸೈಬೀರಿಯಾದ ಓಬ್ ನದಿ ಕಡೆಯ ಖಾಂತಿ ಭಾಷೆ, ಈ ದಾರಿ ಬಿಟ್ಟಿದೆ. ಆ ಭಾಷೆಯಲ್ಲಿ ಇಂಗ್ಲಿಷಿನ ಹಾಗೆ ಇದಕ್ಕೆಂದೇ ಒಂದು ಕ್ರಿಯಾಪದ ಇದೆ. ಅದರ ಧಾತು ಹೆಚ್ಚುಕಮ್ಮಿ 'ತಾಯ್'. ಅಲ್ಲಿ ಕ್ರಿಯಾಪದ ಒಡೆಯನ ಮಾತು ಕೇಳುತ್ತೆ. ನಾನು ಇಟ್ಟುಕೊಂಡಿರುವವನು, ಹಿಮಸಾರಂಗ ನಾನು ಇಟ್ಟುಕೊಂಡಿರುವಂಥದ್ದು.

ಇದನ್ನೆಲ್ಲ ಮಗಳಿಗೆ ಕೊರೆಯುತ್ತಿದ್ದಾಗ ಅಪ್ಪನ ಹಳೇ ಸ್ನೇಹಿತರೊಬ್ಬರು ಬಂದರು. ಮಾತು ಹೊಲಗದ್ದೆ ಕಡೆ ತಿರುಗಿತು. ಅಪ್ಪ, "ನಮಗೂ ಬಾಗಲೂರು ಕಡೆ ಒಂದೂವರೆ ಎಕರೆ ಐತೆ" ಅಂದರು.

"ತಾತಾ, ಅದು ಮಾರಿಬಿಟ್ವಲ್ಲ, 'ಇತ್ತು' ಅನ್ಬೇಕು." ಈಗಷ್ಟೇ ವ್ಯಾಕರಣ ಕಲಿತ ಉತ್ಸಾಹ ಅವಳಿಗೆ.

ಮಾರಿದ್ದು 2006ರಲ್ಲಿ. ದೇವನಹಳ್ಳಿ ಹತ್ರ ಏರ್‌ಪೋರ್ಟ್ ಕೆಲಸ ನಡೀತಿತ್ತು, ಯಲಹಂಕದ ಸುತ್ತ ದಿನಕ್ಕೊಂದು ರೇಟು. ಅಪ್ಪನಿಗೆ ಮನಸ್ಸಿರಲಿಲ್ಲ. ಹಿಂದೆ ಬಿದ್ದು ಒಪ್ಪಿಸಿದವನು ನಾನು. ರಾಗಿ, ಅವರೆ ಬೆಳೆದು ಏನು ಸಿಗುತ್ತೆ ಅಂತ ಲೆಕ್ಕ ಬರೆದು ತೋರಿಸಿದ್ದೆ. ನಾವು ಕೂತಿದ್ದ ಈ ಮನೆ ಆ ದುಡ್ಡಿನದ್ದೇ. ಪತ್ರ ನನ್ನ ಹೆಸರಲ್ಲಿದೆ. 2008ರಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ಬೆಲೆ ಎಲ್ಲಿಗೆ ಹೋಯ್ತು ಅಂತ ನಮ್ಮ ಮನೆಯಲ್ಲಿ ಯಾರೂ ಮಾತಾಡಲ್ಲ.

ಅಪ್ಪ ಒಂದು ಗಳಿಗೆ ಸುಮ್ಮನಿದ್ದು ಅವಳ ತಲೆ ಸವರಿದರು. "ಪಹಣೀಲಿ ಯಾರ ಹೆಸರಾದ್ರೂ ಇರ್ಲಿ ಬಿಡಮ್ಮ. ದುಡ್ಡು ನಿಮ್ಮಪ್ಪನ ಹತ್ರ ಐತೆ. ಹೊಲ ನಮಗೈತೆ."

ಬೈದಿದ್ದಲ್ಲ. ಬೈದಿದ್ದರೆ ವಾಸಿ ಇತ್ತು.

ಮಗಳು ನನ್ನ ಮುಖ ನೋಡಿದಳು, ತಾತ ಹೇಳಿದ್ದು ತಪ್ಪೋ ಸರಿಯೋ ಅಂತ. "ಸರಿ ಇದೆ, ಹೋಂವರ್ಕ್ ಬರಿ" ಅಂದೆ.

ನಿಮ್ಮೂರ ಕಡೆ ಹೊಲಕ್ಕೆ ಏನಂತಾರೆ? ನಿಮಗಿದೆಯಾ, ನಿಮ್ಮ ಹತ್ರ ಇದೆಯಾ?