ಮಾತಾಡದ ಮಗುವೂ ಕೂಡಿ ಕುಳಿತ ವೈದ್ಯರೂ

‘ಆಟಿಸಂ’ ಎಂಬುದಕ್ಕೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಶಬ್ದವು ಈಗ ರೂಢವಾಗಿದೆ. ವ್ಯಾಕರಣದೃಷ್ಟಿಯಿಂದ ಅದಕ್ಕೆ ದೋಷವಿಲ್ಲ. ಗ್ರೀಕ್ ಮೂಲದ ಅರ್ಥವೂ ಸರಿಯಾಗಿಯೇ ಇಳಿದಿದೆ. ಆದರೂ ಅದನ್ನು ಕೇಳಿದವರಿಗೆ, ಮಗುವು ಯಾವುದೋ ಧ್ಯಾನದಲ್ಲಿದೆ, ಕಾಲ ಬಂದಾಗ ತಾನಾಗಿಯೇ ಎಚ್ಚರಗೊಳ್ಳುವುದು ಎಂಬ ಭಾವನೆ ಹುಟ್ಟುವುದುಂಟು. ಈ ಭಾವನೆಯಿಂದ ಎಷ್ಟೋ ಮನೆಗಳಲ್ಲಿ ಅಮೂಲ್ಯವಾದ ಎರಡು ಮೂರು ವರ್ಷಗಳು ವ್ಯರ್ಥವಾಗುತ್ತವೆ.

ಸಾರಕ್ಕಿಯಲ್ಲಿ ನಮ್ಮ ಬೀದಿಯ ಒಂದು ಮನೆಯ ಸಂಗತಿಯನ್ನು ಹೇಳುತ್ತೇನೆ. ಗಂಡುಮಗು, ಆಗ ಅದಕ್ಕೆ ಮೂರೂವರೆ ವರ್ಷ. ಹೆಸರು ಹಿಡಿದು ಕರೆದರೆ ತಿರುಗಿ ನೋಡದು; ಬೆರಳು ಮಾಡಿ ಏನನ್ನೂ ತೋರಿಸದು; ಏನಾದರೂ ಬೇಕಾದರೆ ತಾಯಿಯ ಕೈಯನ್ನು ಹಿಡಿದು ಎಳೆದುಕೊಂಡು ಹೋಗುವುದು. ಕುಕ್ಕರಿನ ಸೀಟಿ ಕೇಳಿದೊಡನೆ ಕಿವಿ ಮುಚ್ಚಿಕೊಂಡು ಕಿರಿಚುವುದು. ವೈದ್ಯರೊಬ್ಬರು ಕಿವಿ ಸರಿಯಾಗಿದೆಯೆಂದು ಹೇಳಿ ಕಳುಹಿಸಿದರು. ಮತ್ತೊಬ್ಬರು ಗಂಡುಮಕ್ಕಳಿಗೆ ಮಾತು ತಡವೆಂದರು. ಮೂರನೆಯವರು ಮೊಬೈಲನ್ನು ಬಚ್ಚಿಡಿರೆಂದರು. ಮನೆಯ ಹಿರಿಯರಾದರೋ, ಸೊಸೆಯು ಕೆಲಸಕ್ಕೆ ಹೋಗುವುದೇ ಇದಕ್ಕೆಲ್ಲ ಕಾರಣವೆಂದು ತೀರ್ಮಾನಿಸಿದರು. ಈ ನಾಲ್ಕು ಮಾತುಗಳನ್ನೂ ಹೊತ್ತುಕೊಂಡು ತಿರುಗಿದವಳು ತಾಯಿಯೊಬ್ಬಳೇ.

ತಾಯಿಯನ್ನು ದೂರುವುದು ನಮ್ಮ ಅತ್ತೆಯರಿಗೆ ಮಾತ್ರ ಸೇರಿದ ವಿದ್ಯೆಯಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯರಾದ ಲಿಯೋ ಕ್ಯಾನರ್ ಅವರು 11 ಮಕ್ಕಳ ನಡತೆಯನ್ನು ಗಮನಿಸಿ ಈ ಸ್ಥಿತಿಯನ್ನು ವಿಶದವಾಗಿ ವರ್ಣಿಸಿದರು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ ಎಂಬವರು 1967ರಲ್ಲಿ ಒಂದು ಪುಸ್ತಕವನ್ನೇ ಬರೆದು ದೋಷವನ್ನೆಲ್ಲ ತಾಯಿತಂದೆಗಳ ಮೇಲೆ ಹೊರಿಸಿದರು. ಆ ವಾದವು ನಿರಾಧಾರವೆಂದು ಈಗ ಸಿದ್ಧವಾಗಿದೆ. ಇದು ಮಿದುಳು ಬೆಳೆಯುವ ಬಗೆಯಲ್ಲಿಯೇ ಇರುವ ಭೇದ. ಅದರಲ್ಲಿ ವಂಶಗುಣದ ಪಾಲು ದೊಡ್ಡದು.

ರಕ್ತಪರೀಕ್ಷೆಯಿಂದಾಗಲಿ ತಲೆಯ ಸ್ಕ್ಯಾನಿನಿಂದಾಗಲಿ ಇದನ್ನು ನಿರ್ಣಯಿಸುವಂತಿಲ್ಲ. ಮಗು ಆಡುವುದನ್ನು ನೋಡಬೇಕು; ಮನೆಯವರನ್ನು ವಿವರವಾಗಿ ಕೇಳಬೇಕು; ಕಿವುಡು, ಬುದ್ಧಿಮಾಂದ್ಯ, ಮೂರ್ಛೆ ಇವು ಉಂಟೇ ಇಲ್ಲವೇ ಎಂದು ಬೇರ್ಪಡಿಸಿ ತಿಳಿಯಬೇಕು. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಆದಕಾರಣವೇ ಹೊಸೂರು ರಸ್ತೆಯ ನಿಮ್ಹಾನ್ಸಿನಲ್ಲಿಯೂ, 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಹಲವು ಶಾಸ್ತ್ರಗಳನ್ನು ಬಲ್ಲವರು ಒಂದೇ ಮಗುವನ್ನು ನೋಡುತ್ತಾರೆ. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತರು ರೂಪಿಸಿದ ‘ಕಮ್ಯುನಿಕೇಷನ್ ಡೀಲ್’ ಎಂಬ ಶಿಕ್ಷಣಕ್ರಮದಲ್ಲಿಯೂ, ಎಳೆಯ ಮಕ್ಕಳಿಗೆ ಮಾತು, ಕೈಕಾಲಿನ ಚಲನೆ, ಒಡನಾಟ ಇವುಗಳನ್ನೆಲ್ಲ ಒಂದರೊಡನೊಂದು ಹೊಂದಿಸಿ ಕಲಿಸುತ್ತಾರೆ.

ನಮ್ಮ ನೆರೆಯವರು ಕಡೆಗೆ ಹೀಗೆ ಕೂಡಿ ನೋಡುವವರ ಬಳಿಗೆ ಹೋದರು. ಹೇಳಿದುದನ್ನು ಬರೆದುಕೊಳ್ಳಲೆಂದು ನನ್ನನ್ನೂ ಕರೆದೊಯ್ದಿದ್ದರು. ಚಿತ್ರಗಳ ಮೂಲಕ ಬೇಕಾದುದನ್ನು ಕೇಳಲು ಕಲಿಸೋಣವೆಂದು ವಾಕ್‌ಚಿಕಿತ್ಸಕಿಯು ಹೇಳಿದರು. ಚಿತ್ರ ಗುರುತಿಸುವ ಶಕ್ತಿ ವಯಸ್ಸಿಗೆ ತಕ್ಕಷ್ಟು ಇದೆಯೆಂದು ಮನಃಶಾಸ್ತ್ರಜ್ಞೆಯು ಒಪ್ಪಿದರು. ಆಕ್ಯುಪೇಷನಲ್ ಥೆರಪಿಯವರು, ಸದ್ದಿನ ಹೆದರಿಕೆಯಿರುವ ಮಗುವಿಗೆ ಅಡಿಗೆಮನೆಯ ಬಳಿ ಕುಳ್ಳಿರಿಸಿ ಏನು ಕಲಿಸಿದರೂ ಹತ್ತದೆಂದು ತಡೆದರು. ಆಗ ಸಮಾಜಕಾರ್ಯಕರ್ತರು ಒಂದೇ ಪ್ರಶ್ನೆ ಕೇಳಿದರು: “ಹಗಲೆಲ್ಲ ಮಗುವಿನ ಬಳಿ ಇರುವವರು ಯಾರು?” ಅಜ್ಜಿ! ಅಷ್ಟು ಆಸ್ಪತ್ರೆಗಳನ್ನು ಸುತ್ತಿದ್ದರೂ ಆ ಅಜ್ಜಿಯನ್ನು ಅದುವರೆಗೆ ಯಾರೂ ಕರೆತಂದಿರಲಿಲ್ಲ.

ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಉಪಚರಿಸುವವನು, ರೋಗಿ. ಉಪಚರಿಸುವವನ ಗುಣಗಳನ್ನೆಣಿಸುವಾಗ ಪ್ರೀತಿಗಿಂತ ಮೊದಲು ಉಪಚಾರದ ತಿಳಿವಳಿಕೆಯನ್ನು ಇಟ್ಟಿದ್ದಾರೆ. ಸ್ವಲೀನತೆಯನ್ನು ಹೋಗಲಾಡಿಸುವ ಔಷಧವೇ ಇಲ್ಲದಿರುವುದರಿಂದ (ಇದೆಯೆಂದು ಹಣ ಕೇಳುವವರನ್ನು ಹೊಸ್ತಿಲಿನ ಆಚೆಯೇ ನಿಲ್ಲಿಸತಕ್ಕದ್ದು) ಇಲ್ಲಿ ಈ ಮೂರನೆಯ ಪಾದದ ಮೇಲೆಯೇ ಭಾರ ಹೆಚ್ಚು. ಪ್ರೀತಿಗೆ ಆ ಅಜ್ಜಿಯಲ್ಲಿ ಕೊರತೆಯಿರಲಿಲ್ಲ. ಮಗು ಕೇಳುವ ಮೊದಲೇ ಕೋಡುಬಳೆಯನ್ನು ಕೈಗಿಡುವಷ್ಟು ಪ್ರೀತಿ! ಕೇಳುವ ಅಗತ್ಯವೇ ಬೀಳದ ಮಗು ಕೇಳಲು ಕಲಿಯುವುದೆಂತು? ಮುಂದಿನ ವಾರ ಆಕೆಯನ್ನು ಕರೆಸಿ ಕಲಿಸಿದರು. ಕುಕ್ಕರು ಇಳಿದ ಮೇಲೆ ನಡುಮನೆಯಲ್ಲಿ ಕುಳಿತು, ನೀರು, ಕೋಡುಬಳೆ ಎರಡೇ ಚಿತ್ರಗಳನ್ನಿಟ್ಟು, ಮಗು ಚಿತ್ರವನ್ನೆತ್ತಿ ಕೊಟ್ಟ ಮೇಲೆ ಆ ವಸ್ತುವಿನ ಹೆಸರು ಹೇಳಿ ಕೊಡಬೇಕು. ಹತ್ತು ನಿಮಿಷ, ದಿನಕ್ಕೆ ಮೂರು ಸಲ. ತಾಯಿಯು ಕೆಲಸ ಬಿಡಬೇಕಾಗಿ ಬರಲಿಲ್ಲ.

ಎಂಟು ತಿಂಗಳಾಯಿತು. ಮಗುವಿಗೆ ಆರು ಮಾತು ಬಂದಿವೆ. ಸಾರಕ್ಕಿ ಮಾರುಕಟ್ಟೆಯಲ್ಲಿ ಹೂವಿನ ರಾಶಿಯನ್ನು ಬೆರಳು ಮಾಡಿ ತೋರಿಸಿ, ತಿರುಗಿ ಅಜ್ಜಿಯ ಮುಖವನ್ನು ನೋಡಿತಂತೆ. ಆರು ಮಾತಿಗಿಂತ ಇದೇ ದೊಡ್ಡದೆಂದು ವಾಕ್‌ಚಿಕಿತ್ಸಕಿಯು ಹೇಳಿದರು.

ಉಳಿದಿರುವುದು ಪ್ರಮಾಣಪತ್ರದ ವಿಚಾರ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಸ್ವಲೀನತೆಯೂ ಸೇರಿದೆ. 40 ಅಂಶಗಳ ಭಾರತೀಯ ಮಾನದಂಡದಿಂದ ಅಳೆದು ಪತ್ರ ಕೊಡುತ್ತಾರೆ. ಶಾಲೆಗೆ ಸೇರಿಸುವಾಗ ಅದರಿಂದ ಅನುಕೂಲವುಂಟು. ಆದರೆ ಮನೆಯಲ್ಲಿ ಮದುವೆಗಿರುವ ಮಗಳೊಬ್ಬಳಿದ್ದಾಳೆ. ಹೀಗೆ ಸರಕಾರದ ಮುದ್ರೆ ಬಿದ್ದರೆ ಸಂಬಂಧಗಳು ತಪ್ಪಿಹೋಗುವುವೆಂದು ಅಜ್ಜನ ಅಳುಕು. ಬೇಕಾದ ಕಾಗದಗಳನ್ನೆಲ್ಲ ನಾನೇ ಜೋಡಿಸಿ ಕೊಟ್ಟಿದ್ದೇನೆ. ಅವು ಇನ್ನೂ ಅವರ ಬೀರುವಿನಲ್ಲಿಯೇ ಇವೆ.