ಯಾವ ಮನೆ ಹೆಗಡೇರು?

ಶಿರಸಿ ಕಡೆಯ ನಮ್ಮ ವಾನಳ್ಳಿಗೆ ಬಂದು ಬರೀ ‘ಹೆಗಡೇರ ಮನೆ ಎಲ್ಲಿ?’ ಎಂದು ಕೇಳಿ ನೋಡಿ. ‘ಯಾವ ಮನೆ ಹೆಗಡೇರು?’ ಎಂಬ ಮರುಪ್ರಶ್ನೆ ಗ್ಯಾರಂಟಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತುಂಬ ಹೆಗಡೆ, ಭಟ್ಟ, ಭಾಗ್ವತರೇ. ಗುರುತು ಸಿಗುವುದು ಮನೆಯಿಂದ: ಮೇಲಿನಮನೆ, ಕೆಳಗಿನಮನೆ, ಹೊಸ್ಮನೆ, ಇಲ್ಲವೇ ಗದ್ದೆ, ಕೊಪ್ಪ, ಜಡ್ಡಿ, ಸರ ಅಂತ ಮುಗಿಯುವ ಊರಿನಿಂದ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರೂ ಸಿದ್ದಾಪುರದವರಿಗೆ ದೊಡ್ಮನೆಯವರೇ. ಯಕ್ಷಗಾನದಲ್ಲಂತೂ ಕೆರೆಮನೆ, ಚಿಟ್ಟಾಣಿ, ನೆಬ್ಬೂರು ಎಂದರೆ ಸಾಕು, ಮುಂದಿನ ಹೆಸರು ಬೇಕಿಲ್ಲ.

ದೂರದ ಡೆನ್ಮಾರ್ಕಿನದೂ ಇದೇ ಕಥೆ. ಅಲ್ಲಿ ಅಪ್ಪನ ಹೆಸರಿಗೆ ‘ಸೆನ್’ ಸೇರಿಸಿ ಎಲ್ಲರೂ ಹ್ಯಾನ್ಸೆನ್, ಜೆನ್ಸೆನ್, ನೀಲ್ಸೆನ್. 1828ರಲ್ಲಿ ಮನೆತನದ ಹೆಸರು ಸ್ಥಿರವಾಗಿರಬೇಕೆಂದು ಸರ್ಕಾರ ಆಜ್ಞೆ ಮಾಡಿತು. ಗೊಂದಲ ಖಾಯಂ ಆಯಿತು ಅಷ್ಟೆ! ಕೊನೆಗೆ 1904ರ ಕಾನೂನು ಹೆಸರು ಬದಲಿಸುವುದನ್ನು ಸುಲಭ ಮಾಡಿದಾಗ ಅನೇಕರು ಊರಿನ, ಜಮೀನಿನ ಹೆಸರು ಹಿಡಿದರು. ತತ್ವಜ್ಞಾನಿ ಕೀರ್ಕೆಗೋರ್ ಅವರ ಮನೆತನಕ್ಕೆ ಹೆಸರು ಬಂದದ್ದು ಅದಕ್ಕೂ ಎಷ್ಟೋ ಮೊದಲು, ಚರ್ಚಿನ ಪಕ್ಕದ ಜಮೀನಿನಿಂದ.

ನಮ್ಮ ಕರಾವಳಿಯ ಸಾರಸ್ವತರು ಈ ವಿಷಯದಲ್ಲಿ ಜಾಣರು. ಕಾಯ್ಕಿಣಿ, ಕಾರ್ನಾಡ, ಶಿರಾಲಿ ಎಂದು ಊರನ್ನೇ ಅಡ್ಡಹೆಸರು ಮಾಡಿ ದಾಖಲೆಗೂ ಹತ್ತಿಸಿದರು. ಘಟ್ಟದ ಮೇಲಿನ ನಾವು ಮಾತಿನಲ್ಲಷ್ಟೇ ಇಟ್ಟುಕೊಂಡೆವು. ಲೇಖಕ ಶಿವಾನಂದ ಕಳವೆಯವರಂತೆ ಊರನ್ನೇ ಹೆಸರಿಗೆ ಅಂಟಿಸಿಕೊಂಡವರು ಕಡಿಮೆ. ಆಧಾರ್ ಕಾರ್ಡಿನಲ್ಲಿ ಬರೀ ಹೆಗಡೆ, ಭಟ್ಟ. ಬೆಂಗಳೂರಲ್ಲಿ ಹುಟ್ಟಿದ ಮಗುವಿಗೆ ಮನೆಹೆಸರು ಯಾರು ಹೇಳಬೇಕು?

ನಿಮ್ಮ ಮನೆಹೆಸರು ಯಾವುದು, ಹೇಗೆ ಬಂತು? ಅಜ್ಜ-ಅಜ್ಜಿಯರನ್ನು ಕೇಳಿ ಇವತ್ತೇ ಬರೆದಿಡಿ.