ಯಾವ ಹೊತ್ತಿಗೆ ಹಾಕುತ್ತೀರಿ?

ಪೀಣ್ಯದ ಕಾರ್ಖಾನೆಯಲ್ಲಿ ನಮಗೆ ವಾರಕ್ಕೊಂದು ಪಾಳಿ. ಒಂದು ವಾರ ಬೆಳಿಗ್ಗೆ ಆರರಿಂದ ಎರಡು, ಮರುವಾರ ಎರಡರಿಂದ ಹತ್ತು, ಆಮೇಲೆ ರಾತ್ರಿ ಹತ್ತರಿಂದ ಆರು. ರಾತ್ರಿ ಎಚ್ಚರವಿರುವುದು ಮೈಗೆ ರೂಢಿಯಾಗುವಷ್ಟರಲ್ಲಿ ಶನಿವಾರ ಬಂದಿರುತ್ತಿತ್ತು. ಸೋಮವಾರ ಮತ್ತೆ ನಸುಕಿಗೇ ಏಳಬೇಕು. ರಿಲೀವರ್ ಬಾರದಿದ್ದರೆ ಅಲ್ಲೇ ಇನ್ನೊಂದು ಪಾಳಿ. ಓಟಿ ದುಡ್ಡು ಬೇಡ ಅನ್ನುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಮೂರನೇ ಪಾಳಿಯಲ್ಲಿ ಮೂರು ಗಂಟೆ ದಾಟಿದರೆ ಕಷ್ಟ. ಸಿಎನ್‌ಸಿ ಮೆಷಿನ್ನಿನದು ಒಂದೇ ಸದ್ದು, ಕಣ್ಣು ಎಳೆಯುತ್ತದೆ. ಬೀಡಿ, ಬೆಂಕಿಪೊಟ್ಟಣ ಗೇಟಿನಲ್ಲೇ ತೆಗೆದಿಡಬೇಕು. ಗುಟ್ಕಾಕ್ಕೆ ಬೆಂಕಿ ಬೇಡ. ದವಡೆಗೆ ಒತ್ತಿಕೊಂಡರೆ ಕೈ ಕೆಲಸ ಮಾಡುತ್ತಲೇ ಇರುತ್ತದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಅಂಗಡಿಯವರು ಪಾನ್ ಮಸಾಲ ಬೇರೆ, ತಂಬಾಕು ಬೇರೆ ಪ್ಯಾಕೆಟ್ ಕೊಡತೊಡಗಿದರು. ಬೆರೆಸುವ ಕೆಲಸ ನಮ್ಮದಾಯಿತು, ಅಷ್ಟೆ.

ಬೆಳಿಗ್ಗೆ ಮನೆಗೆ ಬಂದರೆ ನಿದ್ದೆ ಹತ್ತದು. ಶೀಟಿನ ಮನೆ, ಹೊರಗೆ ತರಕಾರಿ ಗಾಡಿಯ ಕೂಗು. ಬಾರ್ ಅಷ್ಟು ಬೇಗ ತೆರೆಯದು, ಹಾಗಾಗಿ ಹಿಂದಿನ ಸಂಜೆಯೇ ನೈಂಟಿ ತಂದಿಡುತ್ತಿದ್ದೆ. ಕುಡಿದು ಮಲಗಿ ಮಧ್ಯಾಹ್ನ ಎದ್ದರೆ ತಲೆ ಭಾರ, ಊಟ ಸೇರದು. ಆ ಭಾರ ಇಳಿಸಲು ರಾತ್ರಿ ಮತ್ತೆ ಪ್ಯಾಕೆಟ್.

ಮೊದಲು ಖಾರ ತಡೆಯದಾಯಿತು. ಹೆಂಡತಿ ಸಾರಿಗೆ ಮೆಣಸಿನಪುಡಿ ಕಡಿಮೆ ಮಾಡಿದಳು. ಆಮೇಲೆ ಮುದ್ದೆಯ ತುತ್ತು ಚಿಕ್ಕದಾಗುತ್ತಾ ಹೋಯಿತು. ಹಲ್ಲಿನ ಡಾಕ್ಟರು ಮೂರು ಬೆರಳು ಒಂದರ ಮೇಲೊಂದು ಬಾಯಲ್ಲಿಡಲು ಹೇಳಿದರು. ಎರಡೇ ಕಷ್ಟಪಟ್ಟು ಹೋದವು. ಅಡಿಕೆಯಿಂದ ಕೆನ್ನೆಯ ಒಳಗೆ ನಾರುಗಟ್ಟಿದೆ, ಅದು ಪೂರ್ತಿ ಮೊದಲಿನಂತಾಗದು, ಕ್ಯಾನ್ಸರಿಗೂ ತಿರುಗಬಹುದು ಅಂದರು. ತಂಬಾಕು ಬಿಟ್ಟು ಬರೀ ಪಾನ್ ಮಸಾಲ ಅಗಿದರೂ ಅಪಾಯ ತಪ್ಪದು ಎಂದು ತಿಳಿದದ್ದು ಅಲ್ಲೇ.

ಬಿಡು ಎಂದು ಎಲ್ಲರೂ ಹೇಳಿದವರೇ. ಯಾವ ಹೊತ್ತಿಗೆ ಹಾಕುತ್ತೀರಿ ಎಂದು ಕೇಳಿದ್ದು ಆಸ್ಪತ್ರೆಯ ಕೌನ್ಸೆಲರ್ ಮೇಡಂ ಒಬ್ಬರೇ. ಪ್ರತಿ ಪ್ಯಾಕೆಟ್ಟಿನ ಹೊತ್ತು ಬರೆದಿಡಲು ಹೇಳಿದರು. ಮೊದಲ ಪಾಳಿಯ ವಾರ ಅರ್ಧ ಹಾಳೆ ತುಂಬಿತು. ಮೂರನೇ ಪಾಳಿಯ ವಾರ ಹಿಂಬದಿಗೂ ಬರೆದಿದ್ದೆ. ಆ ಹಾಳೆ ಹಿಡಿದು ಜನರಲ್ ಶಿಫ್ಟ್ ಕೇಳಿದರೆ ಸೂಪರ್‌ವೈಸರ್, “ಚಟ ನಿನ್ನದು, ಶಿಫ್ಟಿಗೆ ಯಾಕಯ್ಯಾ ದೂರು?” ಅಂದರು. ಡಾಕ್ಟರ ಪತ್ರ ಕೊಟ್ಟ ಮೇಲೆ ಸ್ಟೋರ್ಸಿಗೆ ಹಾಕಿದರು. ರಾತ್ರಿ ಭತ್ಯೆ, ಓಟಿ ಎರಡೂ ಹೋದವು. ಮಗಳ ಫೀಸಿಗೆ ಚೀಟಿ ಎತ್ತಬೇಕಾಯಿತು.

ರಾತ್ರಿ ನಿದ್ದೆ ಬರತೊಡಗಿದ ಮೇಲೆ ನೈಂಟಿ ಬೇಕೆನಿಸಲಿಲ್ಲ. ತಂಬಾಕು ಬಹಳ ಸತಾಯಿಸಿತು. ಈಗ ಎರಡು ಹೊತ್ತೂ ಐಸ್‌ಕ್ರೀಂ ಕಡ್ಡಿಗಳನ್ನು ಹಲ್ಲುಗಳ ನಡುವೆ ಜೋಡಿಸಿ ಬಾಯಿ ಅಗಲಿಸುವ ವ್ಯಾಯಾಮ ಮಾಡುತ್ತೇನೆ. ಮುದ್ದೆ ಇಳಿಯುತ್ತದೆ, ಖಾರ ಇನ್ನೂ ಆಗದು.